ಮೆದುಳಿನ ಮೇಲೆ ನಂಬರ್ ಚೀಟಿ ಇಟ್ಟ ಡಾಕ್ಟರ್

ಕೈ ಕತ್ತರಿಸಿ ತೆಗೆದ ಮೇಲೂ ಆ ಕೈಯ ಬೆರಳು ತುರಿಸುತ್ತದೆ ಅಂದರೆ ನಂಬ್ತೀರಾ? ಅಪಘಾತದಲ್ಲೋ, ಯುದ್ಧದಲ್ಲೋ, ಶುಗರ್ ಕಾಯಿಲೆಯಿಂದಲೋ ಕೈಕಾಲು ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವ ವಿಷಯ. ಇಲ್ಲದ ಕಾಲಿನ ಹೆಬ್ಬೆರಳು ನೋಯುತ್ತದೆ. ಇಲ್ಲದ ಮುಷ್ಟಿ ಬಿಗಿದುಕೊಳ್ಳುತ್ತದೆ, ಬಿಚ್ಚೋಣ ಅಂದರೆ ಬರೋದಿಲ್ಲ, ಉಗುರು ಅಂಗೈಗೆ ಚುಚ್ಚಿದ ಹಾಗೆ ಆಗುತ್ತದೆ. ಇವರಿಗೇನೂ ತಲೆ ಕೆಟ್ಟಿಲ್ಲ. ಕೈ ಇಲ್ಲ ಅನ್ನೋದು ಕಣ್ಣಿಗೆ ಕಾಣುತ್ತದೆ, ಬುದ್ಧಿಗೂ ಗೊತ್ತು. ಆದರೂ ನೋವು ಮಾತ್ರ ನಿಜ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಫಿಲಡೆಲ್ಫಿಯಾದ ಸೈಲಾಸ್ ವೈರ್ ಮಿಚೆಲ್ ಎಂಬ ವೈದ್ಯರು 1871ರಲ್ಲಿ ಇದಕ್ಕೆ ಫ್ಯಾಂಟಮ್ ಲಿಂಬ್ ಅಂತ ಹೆಸರಿಟ್ಟರು. ಕೈಕಾಲಿನ ದೆವ್ವ ಅಂತ ಬೇಕಾದರೆ ನಾವು ಕರೆದುಕೊಳ್ಳಬಹುದು.

ಹೆಸರೇನೋ ಸಿಕ್ಕಿತು. ಆದರೆ ಕೈಯೇ ಇಲ್ಲದ ಮೇಲೆ ತುರಿಕೆ ಇರುವುದು ಎಲ್ಲಿ? ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟವರು ಆ ಪ್ರಶ್ನೆಯನ್ನು ಹುಡುಕಿಕೊಂಡು ಹೋದವರೇ ಅಲ್ಲ. ಅವರು ಫಿಟ್ಸ್ ಬರುವವರ ತಲೆ ತೆರೆದು ಆಪರೇಷನ್ ಮಾಡುತ್ತಿದ್ದ ಸರ್ಜನ್, ವೈಲ್ಡರ್ ಪೆನ್‌ಫೀಲ್ಡ್. ತುಟಿ ದಪ್ಪ, ಕೈ ದೊಡ್ಡದು, ಸೊಂಟ ಸಣಕಲು ಇರುವ ಒಂದು ವಿಚಿತ್ರ ಗೊಂಬೆಯ ಚಿತ್ರವನ್ನು ನೀವು ಎಲ್ಲೋ ಒಂದು ಕಡೆ ನೋಡಿರುತ್ತೀರಿ. ಅದು ಇವರ ಗೊಂಬೆ. ಈ ಸಲ ನಾವು ಹೇಳಹೊರಟಿರುವುದು ಆ ಗೊಂಬೆಯ ಹಿಂದಿನ ಮನುಷ್ಯನ ಕಥೆ.

ಪೆನ್‌ಫೀಲ್ಡ್ ಹುಟ್ಟಿದ್ದು 1891ರ ಜನವರಿ 26ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಲ್ಲಿ. ಅಪ್ಪನೂ ಡಾಕ್ಟರೇ, ಆದರೆ ಪ್ರಾಕ್ಟೀಸ್ ಕೈಗೆ ಹತ್ತಲಿಲ್ಲ. ಹುಡುಗನಿಗೆ ಎಂಟು ವರ್ಷ ಆಗುವ ಹೊತ್ತಿಗೆ ತಾಯಿ ಮಕ್ಕಳನ್ನು ಕಟ್ಟಿಕೊಂಡು ವಿಸ್ಕಾನ್ಸಿನ್‌ನ ಹಡ್ಸನ್‌ಗೆ, ತವರಿಗೆ ಬಂದುಬಿಟ್ಟರು. ಆ ತಾಯಿಯ ಹಟ ದೊಡ್ಡದು. ರೋಡ್ಸ್ ಸ್ಕಾಲರ್‌ಶಿಪ್ ಅಂತ ಒಂದಿದೆ, ಓದಿನಲ್ಲೂ ಆಟದಲ್ಲೂ ಮುಂದಿರುವವರಿಗೆ ಆಕ್ಸ್‌ಫರ್ಡ್‌ನಲ್ಲಿ ಓದಲು ಕೊಡುತ್ತಾರೆ ಅಂತ ಕೇಳಿದ್ದೇ ತಡ, ಮಗ ಹೈಸ್ಕೂಲು ಮುಗಿಸುವ ಮೊದಲೇ ಅದನ್ನು ಅವನ ಗುರಿ ಮಾಡಿಟ್ಟರು. ಸಿಇಟಿ ರ‍್ಯಾಂಕ್ ಹೆಸರಲ್ಲಿ ನಮ್ಮನ್ನು ಅಟ್ಟಿಸಿಕೊಂಡು ಬಂದ ಮನೆಮಂದಿಯ ನೆನಪಾದರೆ ತಪ್ಪಿಲ್ಲ. ಹುಡುಗ ಪ್ರಿನ್ಸ್‌ಟನ್‌ನಲ್ಲಿ ಓದಿದ, ಫುಟ್‌ಬಾಲ್ ಆಡಿದ, 1913ರಲ್ಲಿ ಡಿಗ್ರಿ ಮುಗಿಸಿದ ಮೇಲೆ ಅದೇ ಆಟದ ಕೋಚ್ ಆಗಿ ದುಡಿದ. ಕೊನೆಗೆ ಸ್ಕಾಲರ್‌ಶಿಪ್ಪೂ ಸಿಕ್ಕಿತು.

ಆಕ್ಸ್‌ಫರ್ಡ್‌ನಲ್ಲಿ ಇಬ್ಬರು ಗುರುಗಳು ಸಿಕ್ಕರು. ಒಬ್ಬರು ವಿಲಿಯಂ ಆಸ್ಲರ್, ರೋಗಿಯ ಮಂಚದ ಪಕ್ಕ ನಿಂತೇ ವೈದ್ಯಕೀಯ ಕಲಿಯಬೇಕು ಅನ್ನುವವರು. ಇನ್ನೊಬ್ಬರು ಚಾರ್ಲ್ಸ್ ಶೆರಿಂಗ್ಟನ್, ನರಗಳು ಹೇಗೆ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ ಅನ್ನುವುದನ್ನು ಪ್ರಯೋಗಾಲಯದಲ್ಲಿ ಬಿಡಿಸುತ್ತಿದ್ದವರು. ಮೆದುಳು ಅಂದರೆ ಇನ್ನೂ ಯಾರೂ ಕಾಲಿಡದ ದೇಶ ಅಂತ ಪೆನ್‌ಫೀಲ್ಡ್‌ರಿಗೆ ಅನ್ನಿಸಿದ್ದು ಶೆರಿಂಗ್ಟನ್‌ರ ಜೊತೆ ಕೆಲಸ ಮಾಡುವಾಗ.

ನಡುವೆ ಮೊದಲ ಮಹಾಯುದ್ಧ. 1916ರ ಮಾರ್ಚ್ 24ರಂದು ಫ್ರಾನ್ಸ್‌ನ ರೆಡ್‌ಕ್ರಾಸ್ ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದಾಗ ಅವರಿದ್ದ ಸಸೆಕ್ಸ್ ಹಡಗಿಗೆ ಇಂಗ್ಲಿಷ್ ಕಾಲುವೆಯಲ್ಲಿ ಜರ್ಮನ್ ಟಾರ್ಪೆಡೊ ಬಡಿಯಿತು. ಹಡಗಿನ ಮುಂಭಾಗವೇ ಹಾರಿಹೋಯಿತು. ಪೆನ್‌ಫೀಲ್ಡ್‌ರ ಕಾಲಿಗೆ ಜೋರು ಪೆಟ್ಟಾಯಿತು, ಆದರೆ ಕಾಲು ಉಳಿಯಿತು. ಸುಧಾರಿಸಿಕೊಂಡಿದ್ದು ಆಸ್ಲರ್‌ರ ಮನೆಯಲ್ಲಿ. ಮರುವರ್ಷ ಹೆಲೆನ್ ಕರ್ಮಟ್ ಅವರೊಂದಿಗೆ ಮದುವೆ, 1918ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ವೈದ್ಯಕೀಯ ಪದವಿ, ಆಮೇಲೆ ನ್ಯೂಯಾರ್ಕ್‌ನಲ್ಲಿ ಸರ್ಜನ್ ಕೆಲಸ. 1924ರಲ್ಲಿ ಮ್ಯಾಡ್ರಿಡ್‌ಗೆ ಹೋಗಿ ಮೆದುಳಿನ ಜೀವಕೋಶಗಳಿಗೆ ಬೆಳ್ಳಿ ಮತ್ತು ಚಿನ್ನದ ಲವಣಗಳಿಂದ ಬಣ್ಣ ಹಿಡಿಸುವ ವಿದ್ಯೆ ಕಲಿತು ಬಂದರು. ತಲೆಗೆ ಏಟು ಬಿದ್ದು ಗಾಯ ಒಣಗಿದ ಎಷ್ಟೋ ವರ್ಷದ ಮೇಲೆ ಫಿಟ್ಸ್ ಶುರುವಾಗುತ್ತದಲ್ಲ, ಅದು ಯಾಕೆ? ಆ ಗಾಯದ ಕಲೆಯಲ್ಲಿ ಏನಿದೆ? ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ ಇದು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೆದುಳಿಗೆ ಕರೆಂಟು ಮುಟ್ಟಿಸಿದರೆ ಮೈ ಅಲುಗುತ್ತದೆ ಅನ್ನೋದು 1870ರಲ್ಲೇ ಗೊತ್ತಾಗಿತ್ತು. ಬರ್ಲಿನ್‌ನಲ್ಲಿ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮೆದುಳಿನ ಒಂದು ಭಾಗಕ್ಕೆ ಕರೆಂಟು ಕೊಟ್ಟರೆ ಎದುರು ಬದಿಯ ಕಾಲು ಎಳೆದುಕೊಳ್ಳುತ್ತದೆ ಅಂತ ತೋರಿಸಿದ್ದರು. ನಾಲ್ಕು ವರ್ಷ ಆದ ಮೇಲೆ ಅಮೆರಿಕದ ಸಿನ್ಸಿನಾಟಿಯಲ್ಲಿ ರಾಬರ್ಟ್ಸ್ ಬಾರ್ಥೊಲೊ ಎಂಬ ಡಾಕ್ಟರ್ ಇದನ್ನೇ ಮನುಷ್ಯರ ಮೇಲೆ ಮಾಡಿದ. ಮೇರಿ ರಾಫರ್ಟಿ ಎಂಬ ಹೆಂಗಸಿನ ತಲೆಬುರುಡೆ ಹುಣ್ಣಿನಿಂದ ಸವೆದು ಮೆದುಳೇ ಕಾಣುತ್ತಿತ್ತು. ಹೇಗೂ ತೆರೆದಿದೆಯಲ್ಲ ಅಂತ ಸೂಜಿ ಚುಚ್ಚಿ ಕರೆಂಟು ಹರಿಸಿದ. ಆಕೆಗೆ ವಾಸಿಯಾಗಲಿ ಅಂತಲ್ಲ, ಏನಾಗುತ್ತದೆ ನೋಡೋಣ ಅಂತ. ಕರೆಂಟು ಹೆಚ್ಚಿಸಿದಾಗ ಆಕೆ ಅತ್ತಳು, ಫಿಟ್ಸ್ ಬಂತು, ಕೆಲವೇ ದಿನಗಳಲ್ಲಿ ತೀರಿಕೊಂಡಳು. ವೈದ್ಯಲೋಕವೇ ಅವನನ್ನು ಛೀಮಾರಿ ಹಾಕಿತು. ಇದನ್ನು ಯಾಕೆ ಹೇಳುತ್ತಿದ್ದೇವೆ ಅಂದರೆ, ಪೆನ್‌ಫೀಲ್ಡ್ ಕೈಗೆತ್ತಿಕೊಂಡಿದ್ದೂ ಹೆಚ್ಚುಕಡಿಮೆ ಅದೇ ಉಪಕರಣ. ವ್ಯತ್ಯಾಸ ಇದ್ದದ್ದು ಅದನ್ನು ಯಾರಿಗಾಗಿ ಹಿಡಿದರು ಅನ್ನುವುದರಲ್ಲಿ.

ದಾರಿ ತೋರಿಸಿದವರು ಜರ್ಮನಿಯ ಬ್ರೆಸ್ಲಾವ್‌ನ ಓಟ್‌ಫ್ರಿಡ್ ಫೊಯರ್‌ಸ್ಟರ್. ಲೆನಿನ್‌ರ ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆಗೆ ಕರೆಸಿಕೊಂಡಿದ್ದು ಇವರನ್ನೇ. ಯುದ್ಧದಲ್ಲಿ ತಲೆಗೆ ಗುಂಡು ತಾಗಿ ಬದುಕುಳಿದು, ಆಮೇಲೆ ಫಿಟ್ಸ್‌ಗೆ ತುತ್ತಾದ ಸೈನಿಕರಿಗೆ ಇವರು ಎಚ್ಚರವಿರುವಾಗಲೇ ಆಪರೇಷನ್ ಮಾಡಿ ಗಾಯದ ಕಲೆಯನ್ನು ತೆಗೆಯುತ್ತಿದ್ದರು. 1928ರಲ್ಲಿ ಪೆನ್‌ಫೀಲ್ಡ್ ಆರು ತಿಂಗಳು ಅಲ್ಲಿದ್ದು ಕಲಿತರು. ಅದೇ ವರ್ಷ ಗೆಳೆಯ ವಿಲಿಯಂ ಕೋನ್ ಜೊತೆ ಕೆನಡಾದ ಮಾಂಟ್ರಿಯಲ್‌ಗೆ ಬಂದು ನೆಲೆಸಿದರು.

ಬಂದ ಕೆಲವೇ ತಿಂಗಳಲ್ಲಿ, ಡಿಸೆಂಬರ್‌ನಲ್ಲಿ, ಆಪರೇಷನ್ ಟೇಬಲ್ಲಿನ ಮೇಲೆ ಬಂದು ಮಲಗಿದ್ದು ಅವರ ಸ್ವಂತ ಅಕ್ಕ ರೂತ್. ಬಹಳ ವರ್ಷದಿಂದ ಫಿಟ್ಸ್ ಇತ್ತು. ಪರೀಕ್ಷೆ ಮಾಡಿದರೆ ಮೆದುಳಿನ ಮುಂಭಾಗದಲ್ಲಿ, ಬಲಗಡೆ, ದೊಡ್ಡ ಗಡ್ಡೆ. ಸ್ವಂತದವರಿಗೆ ಕತ್ತಿ ಹಿಡಿಯಬಾರದು ಅನ್ನೋದು ಸರ್ಜನ್‌ಗಳ ಅಲಿಖಿತ ನಿಯಮ. ಆದರೆ ಆ ಕೆಲಸ ಬಲ್ಲವರೇ ಆಗ ಬೆರಳೆಣಿಕೆಯಷ್ಟು. ಪೆನ್‌ಫೀಲ್ಡ್ ತಾವೇ ಮಾಡಿದರು. ಬಲಗಡೆಯ ಮುಂಭಾಗದ ಬಹುಪಾಲು ತೆಗೆದರೂ ಗಡ್ಡೆ ಪೂರ್ತಿ ಬರಲಿಲ್ಲ.

ರೂತ್ ಎದ್ದು ಓಡಾಡಿದರು, ಮನೆಗೆ ಹೋದರು. ಕೈಕಾಲು ಸರಿ, ಮಾತು ಸರಿ, ನೆನಪು ಸರಿ, ನಡತೆಯಂತೂ ಮೊದಲಿನಂತೆಯೇ ಮೃದು. ಸುಮಾರು ಒಂದೂಕಾಲು ವರ್ಷ ಕಳೆದ ಮೇಲೆ ಒಂದು ದಿನ ತಮ್ಮ ಊಟಕ್ಕೆ ಬರುತ್ತಾನೆ ಅಂತ ಅಡುಗೆಗೆ ನಿಂತರು. ಮನೆಯವರು ನಾಲ್ಕು ಜನ, ಅತಿಥಿ ಒಬ್ಬ, ಇಷ್ಟೇ. ಸಾಮಾನೆಲ್ಲ ಮುಂದೆ ಇತ್ತು. ಒಂದೆರಡು ಪಾತ್ರೆ ಒಲೆಯ ಮೇಲೂ ಇತ್ತು. ಆದರೆ ಸಲಾಡ್ ಆಗಿರಲಿಲ್ಲ, ಮಾಂಸ ಬೇಯಿಸಲು ಶುರುವೇ ಮಾಡಿರಲಿಲ್ಲ. ಗಂಟೆಗಟ್ಟಲೆ ಒಬ್ಬರೇ ಹೆಣಗಿ, ಯಾವುದು ಮೊದಲು ಯಾವುದು ಆಮೇಲೆ ಅಂತ ತೋಚದೆ, ಆಕೆ ಕಂಗಾಲಾಗಿ ನಿಂತಿದ್ದರು. ಜೀವನಪೂರ್ತಿ ಮನೆ ತೂಗಿಸಿದ ಹೆಂಗಸು. ಆಮೇಲೆ ಗಡ್ಡೆ ಮತ್ತೆ ಬೆಳೆಯಿತು, ರೂತ್ ಬಹಳ ಕಾಲ ಉಳಿಯಲಿಲ್ಲ. 1935ರಲ್ಲಿ ಪೆನ್‌ಫೀಲ್ಡ್ ಸಹೋದ್ಯೋಗಿ ಜೋಸೆಫ್ ಇವಾನ್ಸ್ ಜೊತೆ ಬರೆದ ಪ್ರಬಂಧದಲ್ಲಿ ಈ ಅಡುಗೆಮನೆಯ ಸಂಗತಿ ಬರುತ್ತದೆ. ಯೋಜನೆ ಹಾಕುವ ಶಕ್ತಿಗೂ ಮೆದುಳಿನ ಮುಂಭಾಗಕ್ಕೂ ನಂಟಿದೆ ಅನ್ನುವುದಕ್ಕೆ ಇಂದಿಗೂ ಅದನ್ನು ಉದಾಹರಿಸುತ್ತಾರೆ. ಅಕ್ಕನ ಸೋಲನ್ನು ತಮ್ಮ ವಿಜ್ಞಾನದ ಭಾಷೆಯಲ್ಲಿ ಬರೆದಿಟ್ಟಿದ್ದನ್ನು ಹೇಗೆ ನೋಡಬೇಕು ಅಂತ ನಮ್ಮ ಸಂಪಾದಕ ಬಳಗದಲ್ಲೇ ಒಮ್ಮತ ಇಲ್ಲ. ನಮ್ಮಲ್ಲಿ ಕೆಲವರಿಗೆ ಅದು ಕಲ್ಲೆದೆ ಅನ್ನಿಸಿತು, ಉಳಿದವರಿಗೆ ಅದೇ ಅವರು ಅತ್ತ ರೀತಿ ಅನ್ನಿಸಿತು.

ಮಾಂಟ್ರಿಯಲ್‌ನಲ್ಲಿ ಮೆದುಳಿಗಾಗಿಯೇ ಒಂದು ಸಂಸ್ಥೆ ಕಟ್ಟಬೇಕು, ಸರ್ಜನ್, ನರರೋಗ ತಜ್ಞ, ಪ್ರಯೋಗಾಲಯದವರು ಎಲ್ಲ ಒಂದೇ ಸೂರಿನಡಿ ಇರಬೇಕು ಅನ್ನೋದು ಅವರ ಆಸೆ. ಈ ಹಂಬಲದ ಹಿಂದೆ ರೂತ್‌ರ ನೆನಪೂ ಇತ್ತು. ರಾಕ್‌ಫೆಲ್ಲರ್ ಫೌಂಡೇಷನ್ 12 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಿತು, 1934ರ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್ ನ್ಯೂರೊಲಾಜಿಕಲ್ ಇನ್‌ಸ್ಟಿಟ್ಯೂಟ್ ಬಾಗಿಲು ತೆರೆಯಿತು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಯಂತ್ರವನ್ನು ಹರ್ಬರ್ಟ್ ಜಾಸ್ಪರ್ ತಂದಿದ್ದು ಇಲ್ಲಿಗೇ. ನಮ್ಮ ಇ ಆ್ಯಂಡ್ ಸಿ ಗೆಳೆಯರು ಜಾಸ್ಪರ್ ಬಗ್ಗೆಯೇ ಬೇರೆ ಲೇಖನ ಬರೆಯಬಹುದು.

ಈಗ ಆಪರೇಷನ್ ಥಿಯೇಟರ್ ಒಳಗೆ ಹೋಗೋಣ. ರೋಗಿ ಪಕ್ಕಕ್ಕೆ ತಿರುಗಿ ಮಲಗಿದ್ದಾರೆ. ಬಟ್ಟೆಯನ್ನು ಡೇರೆಯ ಹಾಗೆ ಎತ್ತಿ ಕಟ್ಟಿದೆ, ಮುಖ ಅದರೊಳಗೆ, ಸರ್ಜನ್ ಇರುವುದು ಆಚೆ ಬದಿ. ನೆತ್ತಿಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಮೂಳೆಯ ಒಂದು ಬಿಲ್ಲೆಯನ್ನು ಕತ್ತರಿಸಿ ಬಾಗಿಲಿನ ಹಾಗೆ ತೆರೆದಿದ್ದಾರೆ. ರೋಗಿ ಪೂರ್ತಿ ಎಚ್ಚರ, ಮಾತಾಡುತ್ತಿದ್ದಾರೆ. ಇದು ಸಾಧ್ಯವಾಗುವುದು ಒಂದು ಸೋಜಿಗದ ಕಾರಣಕ್ಕೆ: ಇಡೀ ಮೈಯ ನೋವನ್ನು ಅನುಭವಿಸುವ ಮೆದುಳಿಗೆ ತನ್ನನ್ನೇ ಕೊಯ್ದರೆ ನೋವಾಗುವುದಿಲ್ಲ.

ಫಿಟ್ಸ್ ಹುಟ್ಟುವ ಜಾಗವನ್ನು ತೆಗೆದರೆ ಫಿಟ್ಸ್ ನಿಲ್ಲಬಹುದು. ಆದರೆ ಒಂದು ಬೆರಳಗಲ ಆಚೀಚೆ ಆದರೆ ರೋಗಿಗೆ ಕೈ ಹೋಗಬಹುದು, ಮಾತೇ ಹೋಗಬಹುದು. ಎಲ್ಲರ ಮೆದುಳಿನ ಮಡಿಕೆಗಳೂ ಒಂದೇ ತರ ಇರುವುದಿಲ್ಲ, ಪುಸ್ತಕ ನೋಡಿ ಕತ್ತರಿಸುವ ಹಾಗಿಲ್ಲ. ಹಾಗಾಗಿ ಕತ್ತರಿಸುವ ಮೊದಲು ಕೇಳಬೇಕು. ಕೆಲವೇ ವೋಲ್ಟ್‌ನ ಎಲೆಕ್ಟ್ರೋಡನ್ನು ಮೆಲ್ಲಗೆ ಮುಟ್ಟಿಸುವುದು, ಏನನ್ನಿಸಿತು ಅಂತ ಕೇಳುವುದು. ಹೆಬ್ಬೆರಳು ಜುಮ್ ಅಂತು ಅಂತ ರೋಗಿ ಹೇಳಿದರೆ ಆ ಜಾಗದಲ್ಲಿ ಒಂದು ಪುಟ್ಟ ನಂಬರ್ ಚೀಟಿ. ಸ್ವಲ್ಪ ಪಕ್ಕಕ್ಕೆ ಮುಟ್ಟಿಸಿದರೆ ತುಟಿ. ಇನ್ನೊಂದು ಚೀಟಿ. ಗಾಜಿನ ಗೋಡೆಯ ಆಚೆ ಕೂತ ಸೆಕ್ರೆಟರಿ ನಂಬರಿಗೆ ಎದುರಾಗಿ ಉತ್ತರವನ್ನು ಬರೆದುಕೊಳ್ಳುತ್ತಾರೆ. ಕೊನೆಗೆ ಚೀಟಿಗಳ ಸಮೇತ ಫೋಟೊ. ಆಗಾಗ ಪೆನ್‌ಫೀಲ್ಡ್ ಕರೆಂಟು ಕೊಡದೆಯೇ, ಕೊಟ್ಟೆ ಅನ್ನುವ ಹಾಗೆ ಕೇಳುತ್ತಿದ್ದರು, ರೋಗಿ ಊಹೆ ಮಾಡಿ ಹೇಳುತ್ತಿದ್ದಾರೋ ಅಂತ ನೋಡಲು. ಲ್ಯಾಬ್‌ನಲ್ಲಿ ಕಂಟ್ರೋಲ್ ರೀಡಿಂಗ್ ತಗೊಳ್ಳದೆ ಗ್ರಾಫ್ ಎಳೆಯುವವರು ಇದನ್ನು ಗಮನಿಸಬೇಕು. ಮಾತಿನ ಜಾಗ ಹುಡುಕುವಾಗ ಚಿತ್ರ ತೋರಿಸಿ ಹೆಸರು ಹೇಳಿಸುತ್ತಿದ್ದರು. ಎಲೆಕ್ಟ್ರೋಡ್ ಅಲ್ಲಿ ತಾಗಿದ ಕೂಡಲೇ ಮಾತು ನಿಂತುಹೋಗುತ್ತಿತ್ತು, ತೆಗೆದ ಕೂಡಲೇ ಮರಳಿ ಬರುತ್ತಿತ್ತು.

ನಾಯಿಯ ಕಾಲು ಅಲುಗುವುದನ್ನು ಕಣ್ಣಿಂದ ನೋಡಬಹುದು. ಆದರೆ ಅದಕ್ಕೆ ಏನನ್ನಿಸಿತು ಅಂತ ಕೇಳಲಾಗದು. ಸ್ಪರ್ಶದ ನಕ್ಷೆ ಬೇಕಿದ್ದರೆ ಬಾಯಿಬಿಟ್ಟು ಹೇಳಬಲ್ಲ ಮನುಷ್ಯನೇ ಬೇಕು, ಎಚ್ಚರವಿರಬೇಕು, ಡಾಕ್ಟರ ಮೇಲೆ ನಂಬಿಕೆ ಇರಬೇಕು. ಪೆನ್‌ಫೀಲ್ಡ್‌ರ ನಕ್ಷೆಯ ಒಂದೊಂದು ಚುಕ್ಕಿಯೂ ಹೀಗೆ ತಲೆ ತೆರೆದು ಮಲಗಿದ ಒಬ್ಬರು ಕೊಟ್ಟ ಉತ್ತರ ಅನ್ನೋದನ್ನು ನಾವು ಗೊಂಬೆ ನೋಡಿ ನಗುವಾಗ ಮರೆತುಬಿಡುತ್ತೇವೆ.

1937ರಲ್ಲಿ ಎಡ್ವಿನ್ ಬೋಲ್ಡ್ರಿ ಜೊತೆ ಸೇರಿ ನೂರಕ್ಕೂ ಹೆಚ್ಚು ಆಪರೇಷನ್‌ಗಳ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದರು. ಮೆದುಳಿನ ನಡುವೆ ಮೇಲಿಂದ ಕೆಳಗೆ ಒಂದು ಆಳವಾದ ಗೆರೆ ಇದೆ. ಅದರ ಹಿಂದಿನ ಪಟ್ಟಿ ಮುಟ್ಟಿದರೆ ಸ್ಪರ್ಶ, ಮುಂದಿನ ಪಟ್ಟಿ ಮುಟ್ಟಿದರೆ ಚಲನೆ. ನೆತ್ತಿಯ ಒಳಮಗ್ಗುಲಲ್ಲಿ ಪಾದ, ಆಮೇಲೆ ಕಾಲು, ಮೈ, ತೋಳು, ಅಂಗೈ, ಬೆರಳುಗಳು, ಹೆಬ್ಬೆರಳು. ಅದರ ಕೆಳಗೆ ಮುಖ, ತುಟಿ, ನಾಲಿಗೆ. ಹಾರ್ಟೆನ್ಸ್ ಕ್ಯಾಂಟ್ಲಿ ಎಂಬ ಚಿತ್ರಗಾರ್ತಿ ಇದನ್ನು ಗೊಂಬೆಯಾಗಿ ಬಿಡಿಸಿದರು. ಹೊಮಂಕ್ಯುಲಸ್, ಅಂದರೆ ಪುಟ್ಟ ಮನುಷ್ಯ. ನಾವೆಲ್ಲ ನೋಡಿರುವುದು 1950ರ ಪುಸ್ತಕದಲ್ಲಿ ಬಂದ ರೂಪ. ಬೆನ್ನು ಇಷ್ಟು ದೊಡ್ಡದಿದ್ದರೂ ಅದಕ್ಕೆ ಚೂರು ಜಾಗ, ತುಟಿಗೂ ಹೆಬ್ಬೆರಳಿಗೂ ಭರ್ತಿ ಜಾಗ. ವಿಸ್ತೀರ್ಣದಲ್ಲಿ ಕೊಡಗಿಗಿಂತ ಚಿಕ್ಕದಾದ ಬೆಂಗಳೂರು ನಗರ ಜಿಲ್ಲೆಗೆ ವಿಧಾನಸಭೆಯಲ್ಲಿ 28 ಸೀಟು, ಕೊಡಗಿಗೆ 2 ಇರುವ ಹಾಗೆ. ಎಲ್ಲಿ ಸುದ್ದಿ ಹೆಚ್ಚೋ ಅಲ್ಲಿಗೆ ಜಾಗ ಹೆಚ್ಚು.

ಈಗ ಇಲ್ಲದ ಕೈಯ ವಿಷಯಕ್ಕೆ ಬರೋಣ. ಪೆನ್‌ಫೀಲ್ಡ್ ಎಲೆಕ್ಟ್ರೋಡ್ ಮುಟ್ಟಿಸಿದಾಗ ರೋಗಿಯ ಕೈಯನ್ನು ಯಾರೂ ಮುಟ್ಟಿರಲಿಲ್ಲ. ಆದರೂ ರೋಗಿಗೆ ಜುಮ್ ಅಂದಿದ್ದು ಕೈಯಲ್ಲಿ, ತಲೆಯಲ್ಲಲ್ಲ. ಅಂದರೆ ಕೈ ಇದೆ ಅನ್ನಿಸುವುದಕ್ಕೆ ಆ ಹೊತ್ತಿಗೆ ಕೈಯೇ ಬೇಕಾಗಿಲ್ಲ, ಮೆದುಳಲ್ಲಿರುವ ಕೈಯ ಜಾಗ ಎಚ್ಚೆತ್ತರೆ ಸಾಕು. ಸರ್ಜನ್ ಕತ್ತರಿಸುವುದು ತುದಿಯಲ್ಲಿರುವ ಕೈಯನ್ನು ಮಾತ್ರ. ಒಳಗಿನ ಕೈ ಹಾಗೇ ಕೂತಿರುತ್ತದೆ, ಸುದ್ದಿಗೆ ಕಾಯುತ್ತ. ಸೆನ್ಸರ್ ಕಿತ್ತರೂ ಚಾನೆಲ್ ಉಳಿದಿರುತ್ತದೆ, ಅದರಲ್ಲಿ ಬರುವ ಏನನ್ನೇ ಆದರೂ ಮೆದುಳು ಕೈಯ ಸುದ್ದಿ ಅಂತಲೇ ಓದುತ್ತದೆ. ಮಿಚೆಲ್‌ರ ಸೈನಿಕರು ಸುಳ್ಳು ಹೇಳಿರಲಿಲ್ಲ. ಒಂದು ಮಾತು: ನೋವು ಯಾಕೆ ಅಷ್ಟು ಭೀಕರ ಅನ್ನುವುದಕ್ಕೆ ಈ ನಕ್ಷೆಯೊಂದೇ ಉತ್ತರ ಕೊಡುವುದಿಲ್ಲ. ಅದಕ್ಕೇ ಅರ್ಧ ಉತ್ತರ ಅಂದಿದ್ದು.

ಉಳಿದರ್ಧಕ್ಕೆ ಆಮೇಲಿನವರು ಕೈಹಾಕಿದರು. 1990ರ ದಶಕದಲ್ಲಿ ತಮಿಳುನಾಡು ಮೂಲದ ವಿ. ಎಸ್. ರಾಮಚಂದ್ರನ್, ಕೈ ಕಳೆದುಕೊಂಡ ಒಬ್ಬರ ಕೆನ್ನೆಗೆ ಹತ್ತಿ ಸವರಿದರೆ ಅವರಿಗೆ ಇಲ್ಲದ ಬೆರಳು ಮುಟ್ಟಿದ ಹಾಗಾಗುತ್ತದೆ ಅಂತ ಕಂಡರು. ಗೊಂಬೆ ನೋಡಿ, ಕೈಯ ಪಕ್ಕದ ಮನೆಯೇ ಮುಖ. ಖಾಲಿ ಬಿದ್ದ ಜಾಗಕ್ಕೆ ಪಕ್ಕದವರು ಬೇಲಿ ಸರಿಸಿದ್ದಾರೆ ಅಂತ ಅವರ ವಿವರಣೆ. ಬಹಳ ಪುಸ್ತಕಗಳಲ್ಲಿ ಇದೇ ಇದೆ. ಆದರೆ 2025ರಲ್ಲಿ ಬಂದ ಒಂದು ಅಧ್ಯಯನ ಮೂವರ ಮೆದುಳನ್ನು ಕೈ ತೆಗೆಯುವ ಮುಂಚೆಯೂ, ತೆಗೆದ ಮೇಲೂ ಸ್ಕ್ಯಾನ್ ಮಾಡಿ ನೋಡಿತು. ಕೈಯ ನಕ್ಷೆ ಬಹುತೇಕ ಹಾಗೆಯೇ ಇತ್ತು, ತುಟಿ ಒತ್ತುವರಿ ಮಾಡಿರಲಿಲ್ಲ. ಜಗಳ ಇನ್ನೂ ಮುಗಿದಿಲ್ಲ, ಆದರೆ ಇಬ್ಬರೂ ಜಗಳ ಆಡುತ್ತಿರುವುದು ಪೆನ್‌ಫೀಲ್ಡ್‌ರ ನಕ್ಷೆಯನ್ನು ಮುಂದಿಟ್ಟುಕೊಂಡೇ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪಿಟ್ಸ್‌ಬರ್ಗ್‌ನ ತಂಡ ಮೈಯ ಸ್ವಾಧೀನ ಕಳೆದುಕೊಂಡವರೊಬ್ಬರ ಮೆದುಳಿನ ಇದೇ ಕೈಯ ಜಾಗಕ್ಕೆ ಎಲೆಕ್ಟ್ರೋಡ್ ಕೂರಿಸಿತ್ತು. ಯಾಂತ್ರಿಕ ಕೈಯ ಬೆರಳು ಮುಟ್ಟಿದರೆ ಅವರಿಗೆ ತಮ್ಮ ಬೆರಳೇ ಮುಟ್ಟಿದ ಹಾಗೆ ಅನ್ನಿಸಿತು.

ಹಾಗಂತ ಗೊಂಬೆಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಅದು ಎಷ್ಟೋ ಜನರ ಸರಾಸರಿ. ಜಾಗಗಳು ಒಂದರ ಮೇಲೊಂದು ಹರಡಿಕೊಂಡಿರುವುದನ್ನು ಪೆನ್‌ಫೀಲ್ಡ್ ಕಂಡಿದ್ದರು, ಚಿತ್ರವನ್ನು ಅಕ್ಷರಶಃ ತಗೋಬೇಡಿ ಅಂತಲೂ ಎಚ್ಚರಿಸಿದ್ದರು. ಚಿತ್ರ ಚೆನ್ನಾಗಿದ್ದರೆ ಎಚ್ಚರಿಕೆಯನ್ನು ಯಾರು ಓದುತ್ತಾರೆ! 2023ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಚಲನೆಯ ಪಟ್ಟಿಯಲ್ಲಿ ಕಾಲು, ಕೈ, ಬಾಯಿಗಳ ಜಾಗದ ನಡುನಡುವೆ ಬೇರೆಯೇ ತುಣುಕುಗಳಿವೆ, ಅವು ಯೋಜನೆ ಹಾಕುವ ಜಾಲಕ್ಕೆ ಸೇರಿಕೊಂಡಿವೆ ಅಂತ ತೋರಿಸಿದರು. ರೂತ್‌ರ ಅಡುಗೆಮನೆ ಓದಿದ ಮೇಲೆ ಈ ಸುದ್ದಿ ನಮಗೆ ಬೇರೆ ತರ ಕೇಳಿಸಿತು.

ಪೆನ್‌ಫೀಲ್ಡ್‌ರಿಗೆ ಹೆಚ್ಚು ಹೆಸರು ತಂದುಕೊಟ್ಟಿದ್ದು ಇದಲ್ಲ. ಕಿವಿಯ ಬಳಿಯ ಭಾಗಕ್ಕೆ ಎಲೆಕ್ಟ್ರೋಡ್ ಮುಟ್ಟಿಸಿದರೆ ಕೆಲವರಿಗೆ ಹಳೆಯ ಹಾಡು ಕೇಳಿಸುತ್ತಿತ್ತು, ಅಮ್ಮನ ದನಿ ಕೇಳಿಸುತ್ತಿತ್ತು. ಮೆದುಳು ಇಡೀ ಬದುಕನ್ನು ರೆಕಾರ್ಡ್ ಮಾಡಿಟ್ಟಿದೆ ಅಂತ ಅವರು ನಂಬಿದರು. ಹೀಗಾಗಿದ್ದು ನೂರಕ್ಕೆ ಹತ್ತು ಜನರಿಗಿಂತ ಕಡಿಮೆ, ಅದರಲ್ಲೂ ಎಷ್ಟು ನೆನಪು ಎಷ್ಟು ಕನಸು ಅಂತ ಹೇಳುವುದು ಕಷ್ಟ. ಇಲ್ಲಿ ಅವರು ಸಾಕ್ಷ್ಯಕ್ಕಿಂತ ಮುಂದೆ ಓಡಿದರು ಅಂತಲೇ ನಮಗನ್ನಿಸುತ್ತದೆ. ಕೆನಡಾದಲ್ಲಂತೂ ಟೋಸ್ಟ್ ಸುಟ್ಟ ವಾಸನೆ ಅಂದರೆ ಪೆನ್‌ಫೀಲ್ಡ್ ನೆನಪಾಗುತ್ತಾರೆ, ಫಿಟ್ಸ್ ಬರುವ ಮುಂಚೆ ಆ ವಾಸನೆ ಕಾಣಿಸಿಕೊಳ್ಳುವ ಹೆಂಗಸಿನ ಬಗ್ಗೆ ಬಂದ ಒಂದು ನಿಮಿಷದ ಟಿವಿ ಚಿತ್ರದಿಂದಾಗಿ.

ಅವರನ್ನು ಕೊನೆಯವರೆಗೂ ಕಾಡಿದ್ದು ಬೇರೆ. ಚಲನೆಯ ಪಟ್ಟಿಗೆ ಕರೆಂಟು ಕೊಟ್ಟಾಗ ಕೈ ಮೇಲೇಳುತ್ತಿತ್ತು. ಯಾಕೆ ಎತ್ತಿದಿರಿ ಅಂತ ಕೇಳಿದರೆ ರೋಗಿಗಳು ನಾನು ಎತ್ತಲಿಲ್ಲ, ನೀವು ಎತ್ತಿಸಿದಿರಿ ಅನ್ನುತ್ತಿದ್ದರು. ಕೈ ಸಿಕ್ಕಿತು, ತುಟಿ ಸಿಕ್ಕಿತು, ಮಾತು ಸಿಕ್ಕಿತು. ನಾನು ಎತ್ತಲಿಲ್ಲ ಅನ್ನುವ ಆ ನಾನು ಯಾವ ಚೀಟಿಯ ಕೆಳಗೂ ಸಿಗಲಿಲ್ಲ. 1960ರಲ್ಲಿ ನಿವೃತ್ತರಾದ ಮೇಲೂ ಬರೆದರು, ಭಾಷಣ ಮಾಡಿದರು, 1975ರಲ್ಲಿ ಮನಸ್ಸಿನ ರಹಸ್ಯದ ಬಗ್ಗೆಯೇ ಒಂದು ಪುಸ್ತಕ ತಂದರು. ಮನಸ್ಸು ಬರೀ ಮೆದುಳಲ್ಲ ಅನ್ನುವ ಕಡೆಗೆ ಅದರಲ್ಲಿ ವಾಲಿದ್ದಾರೆ. ಅವರ ಶಿಷ್ಯರಲ್ಲೇ ಬಹಳ ಜನ ಇದನ್ನು ಒಪ್ಪಲಿಲ್ಲ.

ಮೆಂಫ್ರಮೇಗಾಗ್ ಸರೋವರದ ದಡದಲ್ಲಿ ಅವರದೊಂದು ತೋಟದ ಮನೆ ಇತ್ತು. ಅಲ್ಲಿನ ಒಂದು ಬಂಡೆಯ ಮೇಲೆ 1930ರ ದಶಕದಲ್ಲಿ ಅವರು ಬಣ್ಣದಿಂದ ಬರೆದಿದ್ದರು: ಒಂದು ಕಡೆ ಆತ್ಮ ಎಂಬರ್ಥದ ಗ್ರೀಕ್ ಪದ, ಇನ್ನೊಂದು ಕಡೆ ಮನುಷ್ಯನ ತಲೆ, ಅದರ ಮೆದುಳಿನೊಳಗೆ ಪ್ರಶ್ನೆ ಚಿಹ್ನೆ, ಎರಡನ್ನೂ ಸೇರಿಸುವ ಗಟ್ಟಿ ಗೆರೆ. ಕೊನೆಗಾಲದಲ್ಲಿ, ಕ್ಯಾನ್ಸರ್ ಆಗಿ ಮೈ ಸೋತಿದ್ದಾಗ, ಚಳಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಬ್ರಷ್ ಹಿಡಿದು ಮತ್ತೆ ಆ ಬಂಡೆಯ ಹತ್ತಿರ ಹೋದರು. ಗಟ್ಟಿ ಗೆರೆಯನ್ನು ತಿದ್ದಿ ಚುಕ್ಕಿ ಗೆರೆ ಮಾಡಿದರು. 1976ರ ಏಪ್ರಿಲ್ 5ರಂದು ಮಾಂಟ್ರಿಯಲ್‌ನಲ್ಲಿ ತೀರಿಕೊಂಡರು.